ಕೋವೆಂಟ್ ಗಾರ್ಡನ್‌ನಲ್ಲಿ ಒಬ್ಬ ದೇವದಾಸಿ

ಲಂಡನ್‌ಗೆ ಬಂದ ಹೊಸದರಲ್ಲಿ ಗೆಳತಿಯೊಬ್ಬಳು ಕೋವೆಂಟ್ ಗಾರ್ಡನ್‌ನ ರಾಯಲ್ ಒಪೆರಾ ಹೌಸ್‌ಗೆ ಕರೆದೊಯ್ದಳು. ಬ್ಯಾಲೆಯ ಹೆಸರು ‘ಲಾ ಬಯಾಡೇರ್’. ಅಂದರೆ ದೇವಸ್ಥಾನದ ನರ್ತಕಿ, ನಮ್ಮ ದೇವದಾಸಿ.

ಕಥೆ ನಡೆಯುವುದು ಭಾರತದಲ್ಲಿ. ಆದರೆ ನಾಯಕಿ ನಿಕಿಯಾ, ನಾಯಕ ಸೊಲೋರ್. ನಮ್ಮಲ್ಲಿ ಯಾರೂ ಇಡದ ಹೆಸರುಗಳು. ಬೆಂಕಿಯ ಸುತ್ತ ಫಕೀರರು ಕುಣಿಯುತ್ತಾರೆ. ವಿರಾಮದಲ್ಲಿ ಗೆಳತಿ ಕೇಳಿದಳು, ‘ನಿಮ್ಮ ಕಡೆ ಹೀಗೇನಾ?’ ಸವದತ್ತಿ ಕಡೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದದ್ದು, ಅದನ್ನು ನಿಷೇಧಿಸಿದ 1982ರ ಕರ್ನಾಟಕದ ಕಾನೂನು, ಎಲ್ಲ ಹೇಳಿದೆ. ಅವಳು ಸುಮ್ಮನಾದಳು.

ಆಮೇಲೆ ನೆರಳುಗಳ ದೃಶ್ಯ ಬಂತು. ಸತ್ತುಹೋದ ನಿಕಿಯಾ ಸೊಲೋರ್‌ನಿಗೆ ಅಫೀಮಿನ ಅಮಲಿನಲ್ಲಿ ಕಾಣುತ್ತಾಳೆ. ಕತ್ತಲಲ್ಲಿ ಇಳಿಜಾರಿನ ಮೇಲೆ ಬಿಳಿ ಉಡುಗೆಯ ಒಬ್ಬಳು. ಒಂದು ಕಾಲು ಹಿಂದಕ್ಕೆ ಚಾಚಿ ಮುಂದೆ ಬಾಗುತ್ತಾಳೆ, ಎದ್ದು ಹಿಂದಕ್ಕೆ ವಾಲುತ್ತಾಳೆ, ಎರಡು ಹೆಜ್ಜೆ ಇಡುತ್ತಾಳೆ. ಅವಳ ಹಿಂದೆ ಇನ್ನೊಬ್ಬಳು. ಮತ್ತೊಬ್ಬಳು. ಹೀಗೆ 24 ಮಂದಿ, ಅದೇ ಹೆಜ್ಜೆ. ನನಗೆ ಅಳು ಬಂತು.

ಮನೆಗೆ ಬಂದು ಇದರ ಬಗ್ಗೆ ಓದುತ್ತಾ ಕೂತೆ. ಮಾರಿಯಸ್ ಪೆಟಿಪಾ 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಟ್ಟಿದ ಬ್ಯಾಲೆ ಇದು. ಸಂಗೀತ ಮಿಂಕುಸ್ ಅವರದು. ಪಶ್ಚಿಮದವರ ಕಣ್ಣಿಗೆ ಬಿದ್ದದ್ದು 1961ರಲ್ಲಿ, ಸೋವಿಯತ್ ರಷ್ಯಾದ ಕಿರೋವ್ ಬ್ಯಾಲೆ ತಂಡ ಪ್ಯಾರಿಸ್‌ನಲ್ಲಿ ನೆರಳುಗಳ ದೃಶ್ಯ ಆಡಿದಾಗ. ಅಲ್ಲಿ ಸೊಲೋರ್ ಆಗಿದ್ದ ನರ್ತಕ ರುಡಾಲ್ಫ್ ನುರೆಯೆವ್ ಅದೇ ಪ್ರವಾಸದಲ್ಲಿ ತಂಡ ಬಿಟ್ಟು ಪಶ್ಚಿಮದಲ್ಲೇ ಉಳಿದರು. 1963ರಲ್ಲಿ ಆ ದೃಶ್ಯವನ್ನು ಲಂಡನ್ನಿನ ರಾಯಲ್ ಬ್ಯಾಲೆ ತಂಡಕ್ಕೂ ಕಲಿಸಿದರು. ಎಷ್ಟೋ ವರ್ಷ ಇಲ್ಲಿಯವರಿಗೆ ಬಯಾಡೇರ್ ಅಂದರೆ ಅದೊಂದೇ ದೃಶ್ಯ. ಅದರಲ್ಲಿ ರಾಜನಿಲ್ಲ, ಫಕೀರನಿಲ್ಲ. ಈ ಬ್ಯಾಲೆ ಮೇರುಕೃತಿ ಅನ್ನಿಸಿಕೊಂಡದ್ದು ಭಾರತವೇ ಕಾಣದ ಆ ಅರ್ಧ ಗಂಟೆಯಿಂದ!

1980ರಲ್ಲಿ ರಷ್ಯಾ ಮೂಲದ ನರ್ತಕಿ ನತಾಲಿಯಾ ಮಕರೋವಾ ನ್ಯೂಯಾರ್ಕ್‌ನಲ್ಲಿ ಪೂರ್ತಿ ಕಥೆಯನ್ನು ರಂಗಕ್ಕೆ ತಂದರು. ಕಥೆಯ ಜೊತೆ ಆ ಸುಳ್ಳು ಭಾರತವೂ ಬಂತು. ಮೊದಮೊದಲು ಅದು ಬರೀ ಅಲಂಕಾರ ಅಂತ ನಡೆದುಹೋಯಿತು. ಈಗ ಹಾಗಿಲ್ಲ. 2019ರಲ್ಲಿ ಅಮೆರಿಕದ ಕಪ್ಪು ವರ್ಣದ ಬ್ಯಾಲೆ ನರ್ತಕಿ ಮಿಸ್ಟಿ ಕೋಪ್ಲೆಂಡ್, ರಷ್ಯಾದಲ್ಲಿ ಈ ಬ್ಯಾಲೆಗಾಗಿ ಮುಖಕ್ಕೆ ಕಪ್ಪು ಬಳಿದುಕೊಂಡವರ ಫೋಟೋ ಹಾಕಿ ಪ್ರಶ್ನಿಸಿದರು. 2024ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕಥೆಯನ್ನೇ ಹಳೆಯ ಹಾಲಿವುಡ್‌ಗೆ ಸಾಗಿಸಿದರು.

ನನಗೆ ಅದು ಸರಿ ಅನ್ನಿಸುತ್ತದೆ. ಹೆಜ್ಜೆಗಳು ಉಳಿದರೆ ಸಾಕು, ಅಲ್ವಾ? ಆದರೂ ಒಂದು ಆಸೆ ಇದೆ. ನಿಜವಾದ ದೇವದಾಸಿಯರು 1838ರಲ್ಲೇ ಪ್ಯಾರಿಸ್‌ಗೆ ಬಂದು ಕುಣಿದಿದ್ದರು. ಯಾರಾದರೂ ಅವರ ಬಗ್ಗೆ ಒಂದು ಬ್ಯಾಲೆ ಕಟ್ಟಲಿ. ಗೆಳತಿಯನ್ನು ನಾನೇ ಕರೆದುಕೊಂಡು ಹೋಗುತ್ತೇನೆ.