60 ಬೇಕೋ 144 ಬೇಕೋ, ಆಡುವವರೇ ಹೇಳಲಿ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಆಸುಪಾಸಿನ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಬೇಸಿಗೆ ಬಂತೆಂದರೆ ಕಾಲೇಜು ಹುಡುಗರ ಲ್ಯಾಪ್‌ಟಾಪ್‌ಗಳು ಒಂದೇ ದೂರು ಹೊತ್ತು ಬರುತ್ತವೆ. "ಅಣ್ಣಾರ, ಗೇಮ್ ಚಾಲೂ ಮಾಡಿದ್ರ ಸಾಕು, ಕೀಬೋರ್ಡ್ ಮ್ಯಾಲೆ ಕೈ ಇಡಾಕ ಆಗವಲ್ದು." ಫ್ಯಾನಿನ ಧೂಳು ತೆಗೆಯುತ್ತೇನೆ, ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚುತ್ತೇನೆ. ಅದಾದ ಮೇಲೆ ಗೇಮ್ ತೆರೆಸಿ, ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟ್ ಲಿಮಿಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಬೇಕೆಂಬ ಮಿತಿ, ಎಷ್ಟಿದೆ ಎಂದು ನೋಡುತ್ತೇನೆ. ಬಹಳ ಸಲ ಮಿತಿಯನ್ನೇ ಹಾಕಿರುವುದಿಲ್ಲ. ಪರದೆ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸಬಲ್ಲದು, ಅದನ್ನೇ 60 ಹರ್ಟ್ಜ್ ಎನ್ನುವುದು. ಒಳಗೆ ಗ್ರಾಫಿಕ್ಸ್ ಕಾರ್ಡ್ 200 ಚಿತ್ರ ಬಿಡಿಸುತ್ತ ಬೇಯುತ್ತಿರುತ್ತದೆ. ಅದೂ ಮ್ಯಾಚ್ ಇನ್ನೂ ಶುರುವಾಗದ ಲಾಬಿಯಲ್ಲಿ!

ಆ ಮಿತಿ ಎಷ್ಟೆಂಬುದನ್ನು ಆಡುವವರು ತಮಗೆ ಬೇಕಾದ ಅಂಕಿ ಬರೆದು ತಾವೇ ಠರಾಯಿಸುವಂತಿರಬೇಕು. 30 ಅಥವಾ 60, ಇವೆರಡರಲ್ಲೇ ಒಂದನ್ನು ಆರಿಸಿಕೋ ಎನ್ನುವ ಗೇಮ್ ನನಗೆ ಸೇರುವುದಿಲ್ಲ. ಮಿತಿ ಹಾಕಲು ಜಾಗವನ್ನೇ ಕೊಡದ ಗೇಮ್ ಅಂತೂ ಇನ್ನೂ ಸೇರುವುದಿಲ್ಲ.

ಲೆಕ್ಕ ನೋಡಿ. ಎಫ್‌ಪಿಎಸ್ ಎಂದರೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ. 30 ಎಫ್‌ಪಿಎಸ್‌ನಲ್ಲಿ ಒಂದು ಚಿತ್ರ 33.3 ಮಿಲಿಸೆಕೆಂಡ್ ನಿಲ್ಲುತ್ತದೆ, 60ರಲ್ಲಿ 16.7, 144ರಲ್ಲಿ ಹತ್ತಿರ ಹತ್ತಿರ 7, 240ರಲ್ಲಿ 4.2. ಮೂವತ್ತರಿಂದ ಅರವತ್ತಕ್ಕೆ ಹಾರಿದಾಗ ಕಣ್ಣಿಗೆ ಎದ್ದು ಕಾಣುವ ಲಾಭ, 144ರಿಂದ 240ಕ್ಕೆ ಹೋದಾಗ ಮೂರು ಮಿಲಿಸೆಕೆಂಡಿಗೂ ಕಡಿಮೆ. ಲಾಭ ಹೀಗೆ ಸಣ್ಣದಾಗುತ್ತ ಹೋದರೂ ಕಾರ್ಡ್ ಎಳೆಯುವ ಕರೆಂಟ್, ಉಗುಳುವ ಬಿಸಿ ಏರುತ್ತಲೇ ಇರುತ್ತವೆ. ಸರಾಸರಿ ಅಂಕಿಗಿಂತ ಏಕಪ್ರಕಾರ ಇರುವುದು ಮುಖ್ಯ ಎಂದೂ ನಾನು ನಂಬಿದ್ದೇನೆ. 50ಕ್ಕೂ 110ಕ್ಕೂ ನಡುವೆ ಜೀಕುವ ಆಟಕ್ಕಿಂತ ಕದಲದೆ 60ರಲ್ಲಿ ನಿಂತ ಆಟದಲ್ಲಿ ಕೈಗೆ ಹಿಡಿತ ಸಿಗುತ್ತದೆ.

ನನ್ನ ತಮ್ಮ ಇದನ್ನು ಪೂರ್ತಿ ಒಪ್ಪುವುದಿಲ್ಲ. ಅವನು ವಿದ್ಯಾನಗರದ ಹಾಸ್ಟೆಲ್‌ನಲ್ಲಿದ್ದಾನೆ, ಕೌಂಟರ್-ಸ್ಟ್ರೈಕ್ 2 ಆಡುತ್ತಾನೆ. "ಮಾನಿಟರ್ 60 ಹರ್ಟ್ಜ್ ಇದ್ರೂ 200 ಬಿಟ್ರ ಮೌಸ್ ಹಗುರ ಅನಸ್ತೈತಿ ಅಣ್ಣಾ" ಎನ್ನುತ್ತಾನೆ. ಅವನ ಮಾತು ನಿಜವೇ. ಕಾರ್ಡ್ ಹೆಚ್ಚು ಚಿತ್ರ ಬಿಡಿಸಿದಷ್ಟೂ ಪರದೆಗೆ ಹೋಗುವ ಚಿತ್ರ ಹೆಚ್ಚು ತಾಜಾ ಇರುತ್ತದೆ. ಎರಡು ಚಿತ್ರ ಅರ್ಧರ್ಧ ಸೇರಿ ಪರದೆ ಹರಿದಂತೆ ಕಂಡರೂ, ಗುಂಡು ಹೊಡೆಯುವ ಗೇಮ್‌ನಲ್ಲಿ ಅಂಥ ತೊಂದರೆ ಸಹಿಸುವವರು ಬಹಳ ಮಂದಿ. ಆದರೆ ಅವನಿಗೂ ನಾನು ಒಂದು ಮಾತು ಒಪ್ಪಿಸಿದ್ದೇನೆ. ಕಾರ್ಡ್ 99 ಶೇಕಡಾ ದುಡಿಯುತ್ತಿದ್ದರೆ ಚಿತ್ರಗಳು ಸರದಿಯಲ್ಲಿ ಕಾಯತೊಡಗುತ್ತವೆ, ಮೌಸ್ ಒತ್ತಿದ್ದು ತಡವಾಗಿ ಕಾಣುತ್ತದೆ. ಅಲ್ಲಿ ಮಿತಿಯನ್ನು ತುಸು ಇಳಿಸಿದರೆ ಗೇಮ್ ಚುರುಕಾಗುತ್ತದೆ. ಪರದೆಯ ವೇಗವನ್ನು ಕಾರ್ಡಿನ ವೇಗಕ್ಕೆ ಹೊಂದಿಸುವ ಫ್ರೀಸಿಂಕ್, ಜಿ-ಸಿಂಕ್ ಇರುವ 144 ಹರ್ಟ್ಜ್ ಮಾನಿಟರ್‌ನಲ್ಲಿ 141ಕ್ಕೆ ಮಿತಿ ಹಾಕುವ ರೂಢಿಗೂ ಕಾರಣವಿದೆ: ಫ್ರೇಮ್ ರೇಟ್ ಮಾನಿಟರಿನ ಮೇಲಂಚಿಗೆ ತಾಗದಂತೆ ಅದರ ಒಳಗೇ ಉಳಿಯಬೇಕು. 141 ಎಂಬ ಅಂಕಿಯನ್ನು ಯಾವ ಗೇಮ್ ಕಂಪನಿಯೂ ಬಟನ್ ಮಾಡಿ ಇಡುವುದಿಲ್ಲ. ಬೇಕಾದದ್ದನ್ನು ಬರೆಯಲು ಬಿಟ್ಟರೆ ಮಾತ್ರ ಅದು ಸಿಗುತ್ತದೆ.

ಗದಗದಲ್ಲಿರುವ ಕಾಕಾನ ಮಗಳ ಕಥೆ ಬೇರೆ. ಅವಳದು ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ), ಅದೂ ಫೋನಿನಲ್ಲಿ. ಅವಳ ಫೋನಿಗೆ 90 ಎಫ್‌ಪಿಎಸ್ ಸಿಗುತ್ತದೆ, ಆದರೂ ಅವಳು ಆಡುವುದು 60ರಲ್ಲಿ. "ಮೊದ್ಲ ಮ್ಯಾಚಿನ್ಯಾಗ 90 ಇರತೈತಿ ಅಣ್ಣಾ, ಫೋನ್ ಕಾಯ್ದ ಮ್ಯಾಲೆ ಧಡಕ್ಕನ ಕೆಳಗ ಬೀಳತೈತಿ. 60 ಇಟ್ರ ಕಡೀತನಕ ಗಟ್ಟಿ ನಿಲ್ಲತೈತಿ." ಸಾಮಾನ್ಯ ಫೋನಿನಲ್ಲಿ ಫ್ಯಾನ್ ಇರುವುದಿಲ್ಲ, ಬಿಸಿ ಹೆಚ್ಚಾದರೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಆ ಇಳಿತ ಕೊನೆಯ ಸರ್ಕಲ್‌ನಲ್ಲಿ, ಎದುರಾಳಿ ಕಲ್ಲಿನ ಹಿಂದೆ ಕೂತಿರುವಾಗಲೇ ಬಂದರೆ ಏನು ಮಾಡುವುದು? ಅವಳ ಆಯ್ಕೆ ಅಪ್ಪಟ ತಿಳಿವಳಿಕೆಯದು.

ಇನ್ನು ನನ್ನದು. ಧಾರವಾಡದ ಸಪ್ತಾಪುರದ ಮನೆಯಲ್ಲಿ ಡೆಸ್ಕ್‌ಟಾಪ್ ಇರುವ ಕೋಣೆಯ ಪಕ್ಕದಲ್ಲೇ ಅವ್ವ ಮಲಗುತ್ತಾಳೆ. ಕಾರ್ಡಿನ ಫ್ಯಾನ್‌ಗಳು ಜೋರಾದರೆ "ಏನೋ ತಮ್ಮಾ, ಹಿಟ್ಟಿನ ಗಿರಣಿ ಹಚ್ಚಿದಂಗ ಸಪ್ಪಳ ಮಾಡಾಕತ್ತೈತಿ" ಎಂದು ಕೂಗುತ್ತಾಳೆ. 144 ಹರ್ಟ್ಜ್ ಮಾನಿಟರ್‌ನಲ್ಲಿ ರಾತ್ರಿ 72ಕ್ಕೆ ಇಳಿಸುತ್ತೇನೆ. ಸರಿಯಾಗಿ ಅರ್ಧ, ಪ್ರತಿ ಚಿತ್ರವೂ ಎರಡು ಸರದಿ ನಿಲ್ಲುವುದರಿಂದ ಓಟ ನುಣುಪಾಗಿರುತ್ತದೆ, ಫ್ಯಾನ್ ಸದ್ದು ಕೇಳಿಸುವುದೇ ಇಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದಾಗ 48. ಆ ಹೊತ್ತಿಗೆ ಬ್ಯಾಟರಿಯಲ್ಲಿ ಉಳಿಯುವ ಪ್ರತಿ ವ್ಯಾಟ್ ಕೂಡ ಅವ್ವನ ಕೋಣೆಯ ಫ್ಯಾನ್‌ಗೆ ಬೇಕು.

ವ್ಯಾಲೊರಂಟ್ ಈ ವಿಷಯದಲ್ಲಿ ನನಗೆ ಮೆಚ್ಚು. ಮೆನುವಿಗೆ ಒಂದು ಮಿತಿ, ಬೇರೆ ವಿಂಡೋಗೆ ಹೋದಾಗ ಹಿನ್ನೆಲೆಯಲ್ಲಿ ಒಂದು, ಬ್ಯಾಟರಿ ಮೇಲೆ ಒಂದು, ಒಟ್ಟಾರೆ ಒಂದು: ನಾಲ್ಕನ್ನೂ ಬೇರೆ ಬೇರೆ ಇಡಬಹುದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲೂ ಮುನ್ನೆಲೆಗೆ, ಹಿನ್ನೆಲೆಗೆ ಪ್ರತ್ಯೇಕ ಸ್ಲೈಡರ್ ಇವೆ. ಆದರೆ ಬ್ಯಾಟರಿ ಆಯ್ಕೆ ಲ್ಯಾಪ್‌ಟಾಪ್‌ನವರಿಗೆ. ಮನೆಯ ಇನ್ವರ್ಟರ್ ಮೇಲೆ ಓಡುತ್ತಿರುವುದು ಡೆಸ್ಕ್‌ಟಾಪ್‌ಗೆ ತಿಳಿಯುವುದೇ ಇಲ್ಲ. ನಮ್ಮ ಕಡೆಯ ಆಟಗಾರರಿಗೆ ಬೇಕಾದದ್ದು ಆಟದ ನಡುವೆಯೇ ಒಂದು ಕೀ ಒತ್ತಿ ಮಿತಿ ಬದಲಿಸುವ ಸೌಲಭ್ಯ. ಕೌಂಟರ್-ಸ್ಟ್ರೈಕ್ 2ರ ಕನ್ಸೋಲ್‌ನಲ್ಲಿ, ಅಂದರೆ ಆದೇಶ ಬರೆಯುವ ಕಿಟಕಿಯಲ್ಲಿ, ಎಫ್‌ಪಿಎಸ್ ಮ್ಯಾಕ್ಸ್ ಆದೇಶವನ್ನು ಯಾವ ಕೀಗಾದರೂ ಕಟ್ಟಿಕೊಳ್ಳಬಹುದು. ಉಳಿದವರು ಇಷ್ಟನ್ನು ಏಕೆ ಕೊಡಬಾರದು?

ಮೆನುವಿನ ಮಿತಿ ಸಣ್ಣ ಸಂಗತಿ ಎನ್ನುವವರಿಗೆ ಎರಡು ಉದಾಹರಣೆ. 2010ರ ಜುಲೈನಲ್ಲಿ ಸ್ಟಾರ್‌ಕ್ರಾಫ್ಟ್ 2 ಬಂದಾಗ ಅದರ ಮೆನು ಪರದೆಗಳು ಮಿತಿಯಿಲ್ಲದೆ ಓಡಿ ಕೆಲವರ ಕಾರ್ಡ್‌ಗಳು ಅತಿಯಾಗಿ ಕಾದವು. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಮೆನುವಿಗೆ 30, ಆಟಕ್ಕೆ 60 ಎಂದು ಬರೆದುಕೊಳ್ಳಿ ಎಂದು ಅದನ್ನು ಮಾಡಿದ ಬ್ಲಿಜರ್ಡ್ ಕಂಪನಿ ಸಲಹೆ ಕೊಟ್ಟಿತು. 2021ರಲ್ಲಿ ನ್ಯೂ ವರ್ಲ್ಡ್ ಎಂಬ ಗೇಮ್‌ನ ಬೀಟಾ (ಪ್ರಾಯೋಗಿಕ ಆವೃತ್ತಿ) ಆಡುವಾಗ ದುಬಾರಿ ಆರ್‌ಟಿಎಕ್ಸ್ 3090 ಕಾರ್ಡ್‌ಗಳು ಕೆಲವು ಸತ್ತೇ ಹೋದವು. ಆಮೇಲೆ ಕಾರ್ಡ್ ತಯಾರಿಸಿದ ಇವಿಜಿಎ ಕಂಪನಿ ಬೆಸುಗೆಯ ದೋಷ ಎಂದಿತು, ನಿಜ. ಆದರೂ ಗೇಮ್ ಮಾಡಿದ ಅಮೆಜಾನ್ ಮೊದಲು ಬಿಟ್ಟ ಪ್ಯಾಚ್ ಮೆನುವಿಗೆ ಮಿತಿ ಹಾಕುವುದೇ ಆಗಿತ್ತು.

ಗೇಮ್ ಕಟ್ಟುವವರ ಅಂಜಿಕೆಗೂ ಆಧಾರವಿದೆ. 1999ರ ಕ್ವೇಕ್ 3ರಲ್ಲಿ 125 ಎಫ್‌ಪಿಎಸ್ ಇಟ್ಟವರು ಉಳಿದವರಿಗಿಂತ ತುಸು ಎತ್ತರ ಜಿಗಿಯುತ್ತಿದ್ದರು. ಲೆಕ್ಕದ ಅಂಕಿಗಳನ್ನು ಫ್ರೇಮ್ ಫ್ರೇಮ್‌ಗೆ ಪೂರ್ಣಾಂಕ ಮಾಡುವುದರಿಂದ ಆಗುತ್ತಿದ್ದ ವ್ಯತ್ಯಾಸ ಅದು. ಅಂಥ ಕಡೆ ಎಲ್ಲರಿಗೂ ಒಂದೇ ಮಿತಿ ಹೇರಬೇಕು ಎನಿಸುವುದು ಸಹಜ. ಅದಕ್ಕೆ ಪರಿಹಾರ ಆಟದ ಲೆಕ್ಕವನ್ನು ಚಿತ್ರದಿಂದ ಬೇರ್ಪಡಿಸುವುದು. ಕೌಂಟರ್-ಸ್ಟ್ರೈಕ್ 2ರ ಸರ್ವರ್‌ನ ಟಿಕ್, ಅಂದರೆ ಅದು ಆಟದ ಲೆಕ್ಕ ಹಾಕುವ ಸಲ, ಸೆಕೆಂಡಿಗೆ 64, ನಿಮ್ಮ ಪರದೆಯಲ್ಲಿ 48 ಓಡಲಿ, 400 ಓಡಲಿ.

ಗೇಮ್ ಒಳಗೆ ಮಿತಿ ಸಿಗದಿದ್ದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್‌ನಲ್ಲಿ ಹಾಕಿ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 2020ರ ಜನವರಿಯಿಂದ ಮ್ಯಾಕ್ಸ್ ಫ್ರೇಮ್ ರೇಟ್ ಎಂಬ ಆಯ್ಕೆ ಇದೆ, ಗೇಮ್‌ಗೊಂದು ಅಂಕಿ ಇಡಬಹುದು. ನಿಮ್ಮ ಅಂಕಿ ಹುಡುಕುವ ಬಗೆ: ಗೇಮ್‌ನಲ್ಲಿ ಅತಿ ಗದ್ದಲದ ಜಾಗಕ್ಕೆ ಹೋಗಿ, ಹೊಗೆ, ಬೆಂಕಿ, ಹತ್ತು ಜನ ಒಟ್ಟಿಗಿರುವಲ್ಲಿ, ಎಫ್‌ಪಿಎಸ್ ಎಷ್ಟಕ್ಕೆ ಇಳಿಯುತ್ತದೆ ನೋಡಿ. ಅದಕ್ಕಿಂತ ಎರಡು ಮೂರು ಕಡಿಮೆ ಇಡಿ. ಮೆನುವಿಗೆ 30 ಸಾಕು.