ನಾಕಾಬಂದಿಯಲ್ಲಿ ನಿಲ್ಲುವ ಜಾಗ

ವಿಜಯಪುರ ಜಿಲ್ಲೆಯಲ್ಲಿ ಹವಾಲ್ದಾರನಾಗಿ ದುಡಿದು ನಿವೃತ್ತನಾದ ನಾನು, ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಕೊಲ್ಹಾರದ ಕಡೆಗೆ ಹೋದಾಗಲೆಲ್ಲ, ನಾಕಾಬಂದಿಯ, ಅಂದರೆ ರಸ್ತೆಗೆ ಅಡ್ಡಗಟ್ಟಿ ತಪಾಸಣೆ ಮಾಡುವ, ಪೊಲೀಸ್ ಸಿಬ್ಬಂದಿ ಎಲ್ಲಿ ನಿಂತಿದ್ದಾರೆ ಎಂಬುದನ್ನೇ ಮೊದಲು ನೋಡುತ್ತೇನೆ. ಬರುವ ವಾಹನದ ಎದುರು ನಿಂತು ಕೈ ಅಡ್ಡ ಹಿಡಿಯುವುದು ಪ್ರಾಣಕ್ಕೆ ಎರವಾಗುವ ಅಭ್ಯಾಸ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆದು ಬರುವ ಟ್ರ್ಯಾಕ್ಟರು, ಚಾಲಕ ಬ್ರೇಕ್ ತುಳಿದರೂ ಹಿಂದಿನ ಭಾರ ನೂಕುವುದರಿಂದ ಥಟ್ಟನೆ ನಿಲ್ಲುವುದಿಲ್ಲ. ಒಂದು ನಡುರಾತ್ರಿ ಅಂಥ ಟ್ರೇಲರಿನಿಂದ ಹೊರಚಾಚಿದ್ದ ಕಬ್ಬು ನನ್ನ ಜಾಕೆಟ್ಟಿನ ಹೊಳೆಯುವ ಪಟ್ಟಿಯನ್ನು ಸವರಿಕೊಂಡು ಹೋಯಿತು. ಅಂದಿನಿಂದ ಬ್ಯಾರಿಕೇಡ್‌ಗಳನ್ನು ಅಂತರ ಬಿಟ್ಟು ಓರೆಯಾಗಿ ಇಡಿಸಿ, ವೇಗ ತಗ್ಗಿದ ಮೇಲೆ ರಸ್ತೆಯ ಅಂಚಿನಿಂದಲೇ ಟಾರ್ಚ್ ಬೀಸಿ ಗಾಡಿಯನ್ನು ಎಡಕ್ಕೆ ಹಾಕಿಸುತ್ತಿದ್ದೆ.

ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ, ಅವನ ಕಿಟಕಿಗೆ ಹೋದವರ ಬೆನ್ನು ಓಡುವ ವಾಹನಗಳತ್ತ ಇರುತ್ತದೆ. ಆದ್ದರಿಂದ ಸಾಧ್ಯವಾದಾಗ ಹಿಂಬದಿಯಿಂದ, ಎಡಗಡೆಗೆ ಬಂದು, ಬಾಗಿಲಿಗಿಂತ ತುಸು ಹಿಂದೆ ನಿಂತು, ಮುಖಕ್ಕಿಂತ ಮೊದಲು ಒಳಗಿರುವವರ ಕೈಗಳನ್ನು ನೋಡಬೇಕು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಕಾವಲು ನಿಲ್ಲಬೇಕು. ಕೀಲಿ ಕಸಿಯಲು ಕಿಟಕಿಯೊಳಗೆ ಕೈ ಹಾಕುವುದನ್ನು ನಾನೆಂದೂ ಒಪ್ಪಲಿಲ್ಲ, ಏಕೆಂದರೆ ಗಾಡಿ ಹೊರಟರೆ ಆ ಸಿಬ್ಬಂದಿಯನ್ನೂ ಎಳೆದೊಯ್ಯುತ್ತದೆ. ತಪ್ಪಿಸಿಕೊಂಡವರ ನಂಬರನ್ನು ವೈರ್‌ಲೆಸ್‌ನಲ್ಲಿ ಮುಂದಿನ ಠಾಣೆಗೆ ತಿಳಿಸಿದರಾಯಿತು.

ನಡೆದು ಹೋಗುವವರನ್ನು ತಡೆದಾಗಲೂ ಎರಡು ತೋಳಿನಷ್ಟು ದೂರದಲ್ಲಿ ಓರೆಯಾಗಿ ನಿಂತು, “ಯಜಮಾನ್ರ, ಕಿಸೆದಾಗಿನ ಕೈ ಹೊರಗ ತಗೀರಿ” ಎಂದು ಮೆತ್ತಗೆ ಕೇಳುತ್ತಿದ್ದೆ. ಹೆಣ್ಣುಮಕ್ಕಳ ಮೈ ತಪಾಸಣೆಯನ್ನು ಮಹಿಳಾ ಸಿಬ್ಬಂದಿಯೇ ಮಾಡಬೇಕು. ಮೋಟಾರು ವಾಹನ ಕಾಯ್ದೆ 1988ರ 130ನೇ ಕಲಮು, ಲೈಸೆನ್ಸ್ ಕೇಳುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬೇಕೆಂದು ಹೇಳುತ್ತದೆ. ಕತ್ತಲಲ್ಲಿ ಆ ಸಮವಸ್ತ್ರ ಎದುರಿನವರಿಗೆ ಕಾಣುವಂತೆ ಬೆಳಕಿನಲ್ಲಿ ನಿಲ್ಲುವುದೂ ನಮ್ಮ ಕೆಲಸವೇ.