ಬೋಚಿಯಾಗೆ ಬ್ಯಾಡ್ಮಿಂಟನ್ ಅಂಕಣವೇ ಸಾಕು

ಬಿಳಿ ಗುರಿಚೆಂಡಿನ ಹತ್ತಿರಕ್ಕೆ ಚೆಂಡು ಎಸೆಯುವ, ಗಾಲಿಕುರ್ಚಿಯವರೂ ಕೂತೇ ಆಡುವ ಆಟ ಬೋಚಿಯಾ. ಕ್ಲಬ್ಬಿನಲ್ಲಿ ಇದನ್ನು ಶುರು ಮಾಡಲು ಹೊಸ ಅಂಕಣ ಬೇಕಿಲ್ಲ. 12.5 ಮೀಟರ್ ಉದ್ದ, 6 ಮೀಟರ್ ಅಗಲ ಸಾಕು, ಬ್ಯಾಡ್ಮಿಂಟನ್ ಅಂಕಣದೊಳಗೆ ಹಿಡಿಸುತ್ತದೆ. ನೆಟ್ ಬಿಚ್ಚಿ, ಟೇಪ್ ಅಂಟಿಸಿ, ನೆಲ ಗುಡಿಸಿ. ಗುಡಿಸದಿದ್ದರೆ ಕೆಟ್ಟಿತು: ಒಂದು ಮರಳಿನ ಹರಳು ಸಾಕು, 275 ಗ್ರಾಮಿನ ಚೆಂಡು ಕೊನೆಯ ಗೇಣಿನಲ್ಲಿ ದಾರಿ ತಪ್ಪುತ್ತದೆ.

ಒಂದು ಕಡೆಗೆ ಆರು ಕೆಂಪು ಚೆಂಡು, ಇನ್ನೊಂದು ಕಡೆಗೆ ಆರು ನೀಲಿ, ಗುರಿಗೆ ಒಂದು ಬಿಳಿ. ಎರಡೂ ಬಣ್ಣ ಅಂಕಣಕ್ಕೆ ಬಿದ್ದ ಮೇಲೆ, ಯಾರ ಅತಿ ಹತ್ತಿರದ ಚೆಂಡು ಬಿಳಿಗೆ ಹೆಚ್ಚು ದೂರವೋ ಮುಂದಿನ ಎಸೆತ ಅವರದ್ದು. ಹೊಸಬರು ಒಬ್ಬರಾದ ಮೇಲೆ ಒಬ್ಬರು ಅಂದುಕೊಂಡು ಎಡವುವುದು ಇಲ್ಲೇ. ಎದುರಾಳಿಯ ಅತಿ ಹತ್ತಿರದ ಚೆಂಡಿಗಿಂತ ಒಳಗಿರುವ ಪ್ರತಿ ಚೆಂಡಿಗೂ ಒಂದಂಕ.

ನುಣುಪು ಟೈಲ್ಸ್ ಮೇಲೆ ಗಟ್ಟಿ ಚೆಂಡು ನಿಲ್ಲುವುದಿಲ್ಲ, ಮೆತ್ತನೆಯದು ತನ್ನಿ. ಗಾಲಿಕುರ್ಚಿಯವರ ಜೊತೆ ಆಡುವಾಗ ಉಳಿದವರೂ ಕುರ್ಚಿಯಲ್ಲಿ ಕೂತೇ ಎಸೆಯಲಿ. ಎಸೆತದಲ್ಲಿ ಕಾಲು, ಸೊಂಟದ ಪಾಲು ಎಷ್ಟಿತ್ತು ಅನ್ನೋದು ಕೂತಾಗಲೇ ಗೊತ್ತಾಗೋದು, ಅಲ್ವಾ? ಕೈಯಲ್ಲಿ ಎಸೆಯಲಾಗದವರಿಗೆ ಇಳಿಜಾರು ರ‍್ಯಾಂಪ್ ಇದೆ. ಅದನ್ನು ಹಿಡಿಯುವ ಸಹಾಯಕರು ಅಂಕಣಕ್ಕೆ ಬೆನ್ನು ಮಾಡಿಯೇ ಕೂರಬೇಕು. ಎಡಕ್ಕೋ ಬಲಕ್ಕೋ ಎಂದು ಹೇಳುವುದು ಆಟಗಾರರು ಮಾತ್ರ.